ಹಾರೆಯ ಸಾಲು

"ಅಮ್ಮಾ, ನನ್ನ ಮೂರು ಸಾಲುಗಳೂ ಸರಿಯಾಗಿವೆ. ಆದರೂ ಆಸ್ಪತ್ರೆಯವರು ತಮ್ಮ ಕೆಲಸ ನಿಂತಿದೆ ಎನ್ನುತ್ತಾರೆ. ಯಾವುದನ್ನು ನಂಬಲಿ?" ಎಂದು ಶಿಷ್ಯೆ ಕೇಳಿದಳು.

ಸರ್ವರ್‌ಗಳನ್ನು ಕಾಯುವ ಕೆಲಸವನ್ನು ಅವಳು ಈ ಗುರುವಿನ ಹತ್ತಿರ ಕಲಿಯುತ್ತಿದ್ದಳು. ಅವಳ ಪಾಲಿನ ಯಂತ್ರಗಳಲ್ಲಿ ಒಂದು ಆಸ್ಪತ್ರೆಯದೂ ಸೇರಿ ಹಲವರ ಕೆಲಸಕ್ಕಾಗಿ ಅರವತ್ತು ಪ್ರೋಸೆಸ್‌ಗಳು, ಅಂದರೆ ಬಿಡದೆ ಓಡಬೇಕಾದ ಪ್ರೋಗ್ರಾಂಗಳು, ಇದ್ದವು. ಅವನ್ನು ಬಗೆಯ ಪ್ರಕಾರ ಜೋಡಿಸಿದ್ದಳು. ಡೇಟಾಬೇಸ್‌ಗಳದು ಒಂದು ಸಾಲು, ವೆಬ್ ಸರ್ವರ್‌ಗಳದು ಒಂದು, ಜಾವಾ ಭಾಷೆಯಲ್ಲಿ ಬರೆದವುಗಳದು ಒಂದು. ಪ್ರತಿ ಸಾಲಿನಲ್ಲೂ ಇಪ್ಪತ್ತರಲ್ಲಿ ಹತ್ತೊಂಬತ್ತು ಓಡುತ್ತಿದ್ದವು. ಒಂದು ನಿಲ್ಲುವುದು, ಮತ್ತೆ ಏಳುವುದು ದಿನವೂ ಇದ್ದದ್ದೇ. ಆದ್ದರಿಂದ ಪರದೆ, ಎಲ್ಲ ಸರಿ ಎಂಬಂತೆ, ಹಸಿರಾಗಿತ್ತು.

ಗುರು ಪರದೆಯನ್ನು ನೋಡಿದಳು. ಆಮೇಲೆ ಈ ಕತೆ ಹೇಳಿದಳು.

ಒಬ್ಬ ಹೆಂಗಸು ಕಲ್ಲುಗಣಿಯಲ್ಲಿ ಬುಟ್ಟಿ ಹೊರುತ್ತಿದ್ದಳು. ಹನ್ನೊಂದು ವರ್ಷ ಹೊತ್ತು, ಕೂಡಿಟ್ಟು, ಅದೇ ಗಣಿಯನ್ನು ಗುತ್ತಿಗೆಗೆ ಹಿಡಿದಳು. ಹಳೆಯ ಮೇಸ್ತ್ರಿ ಎಲ್ಲರ ಮುಂದೆ ನಕ್ಕ. "ಬುಟ್ಟಿಯವಳು ಒಡತಿಯಾದಳಂತೆ. ತಿಂಗಳು ತುಂಬಲಿ, ಗಣಿಯಲ್ಲಿ ಒಂದು ಹಾರೆ ಉಳಿದಿದ್ದರೆ ನನ್ನ ಹೆಸರು ಬದಲಾಯಿಸಿ" ಎಂದ.

ಅವಳು ಆ ಮಾತನ್ನು ಮರೆಯಲಿಲ್ಲ. ಗಣಿಯಲ್ಲಿ ಇಪ್ಪತ್ತು ಹೊಂಡಗಳಿದ್ದವು. ಒಂದೊಂದು ಹೊಂಡಕ್ಕೆ ಮೂವರು ಇಳಿಯುತ್ತಿದ್ದರು: ಹಾರೆಯವನು, ಸುತ್ತಿಗೆಯವನು, ಬುಟ್ಟಿಯವಳು. ಸಂಜೆ ಅವಳು ಅವರನ್ನು ಸಲಕರಣೆಯ ಪ್ರಕಾರ ನಿಲ್ಲಿಸಿದಳು. ಹಾರೆಯವರೆಲ್ಲ ಒಂದು ಸಾಲು, ಸುತ್ತಿಗೆಯವರು ಒಂದು, ಬುಟ್ಟಿಯವರು ಒಂದು. ಮೂರು ಸಲ ನಡೆದರೆ ಎಣಿಕೆ ಮುಗಿಯುತ್ತಿತ್ತು. ತಿಂಗಳು ತುಂಬಿತು. ಒಂದು ಹಾರೆಯೂ ಕಳೆದಿರಲಿಲ್ಲ.

ಕೂಲಿಯವರಲ್ಲಿ ಒಬ್ಬ ಮುದುಕಿ ಹೇಳಿದಳು: "ತಾಯಿ, ಒಂದು ಹೊಂಡದವರನ್ನು ಒಂದೇ ಕಡೆ ನಿಲ್ಲಿಸು. ಜೊತೆಗೆ ಇಳಿದವರು ಜೊತೆಗೆ ಹತ್ತಿದರೋ ಇಲ್ಲವೋ ಕಾಣುತ್ತದೆ."

"ಆಗ ಹಾರೆ ಎಣಿಸಲು ಇಪ್ಪತ್ತು ಕಡೆ ತಿರುಗಬೇಕು, ಅಜ್ಜಿ. ಗಣಿ ನಡೆಸುವವಳು ನೀನೋ ನಾನೋ?"

ಮುದುಕಿ ತನ್ನ ಬುಟ್ಟಿ ಎತ್ತಿಕೊಂಡು ಸಾಲಿಗೆ ಹೋದಳು.

ಒಂದು ಮಧ್ಯಾಹ್ನ ಕೊನೆಯ ಹೊಂಡದ ಅಂಚು ಕುಸಿಯಿತು. ಕಲ್ಲು ಒಡೆಯುವ ಸದ್ದಿನ ನಡುವೆ ಅದೂ ಒಂದು ಸದ್ದಾಗಿ ಹೋಯಿತು. ಸಂಜೆ ಒಡತಿ ಸಾಲುಗಳ ಮುಂದೆ ನಡೆದಳು. ಹಾರೆಯ ಸಾಲಿನಲ್ಲಿ ಒಬ್ಬ ಇರಲಿಲ್ಲ. ಮೊನೆ ತಟ್ಟಿಸಲು ಕುಲುಮೆಗೆ ಹೋಗಿರಬೇಕು ಎಂದರು. ಸುತ್ತಿಗೆಯ ಸಾಲಿನಲ್ಲಿ ಒಬ್ಬ ಇರಲಿಲ್ಲ. ಹೊಸ ಹಿಡಿಕೆ ಹಾಕಿಸಲು ಹೋಗಿರಬೇಕು ಎಂದರು. ಬುಟ್ಟಿಯ ಸಾಲಿನಲ್ಲಿ ಒಬ್ಬಳಿರಲಿಲ್ಲ. ಬುಟ್ಟಿಯ ತಳ ಹರಿದಿತ್ತಂತೆ. ಸಾಲಿಗೆ ಒಬ್ಬರು ಹೀಗೆ ಹೋಗುವುದು ದಿನವೂ ಇದ್ದದ್ದೇ. ಮೂರು ಕಾರಣಗಳೂ ನಂಬುವಂತಿದ್ದವು. ಒಡತಿ ಮನೆಗೆ ಹೋದಳು.

ಆ ಬುಟ್ಟಿಯವಳ ಗಂಡನ ಮನೆಯವರು, ಅವಳು ಅಕ್ಕನ ಮನೆಯಲ್ಲಿ ಉಳಿದಿರಬೇಕು ಎಂದುಕೊಂಡರು. ಬೆಳಿಗ್ಗೆ ಗಣಿಗೆ ಬಂದು ಕೇಳಿದರು. ಆಗ ಅವಳು ಇಳಿದಿದ್ದ ಹೊಂಡ ಕುಸಿದಿರುವುದು ಕಂಡು ಅಗೆದರು.

ಗಂಡಸರಿಬ್ಬರೂ ಕಲ್ಲು ಬಿದ್ದಾಗಲೇ ಸತ್ತಿದ್ದರು. ಬುಟ್ಟಿಯವಳು ಹಾಗೆ ಸತ್ತಿರಲಿಲ್ಲ. ಹಾರೆ ಅವಳ ಕೈಯಲ್ಲಿತ್ತು. ಬಂಡೆಗೆ ಕುಟ್ಟಿ ಕುಟ್ಟಿ ಅದರ ಮೊನೆ ಮೊಂಡಾಗಿತ್ತು. ಮೈ ಇನ್ನೂ ಬೆಚ್ಚಗಿತ್ತು.

ಗುರು ಇಲ್ಲಿಗೆ ನಿಲ್ಲಿಸಿ ಕೇಳಿದಳು: "ನಿನ್ನ ಮೂರು ಸಾಲುಗಳಲ್ಲಿ ನಿಂತಿರುವ ಮೂರು, ಯಾರ ಕೆಲಸದವು?"

ಶಿಷ್ಯೆ ಒಂದೊಂದನ್ನೂ ತೆರೆದು ನೋಡಿದಳು. ತುಂಬ ಹೊತ್ತು ಬೇಕಾಗಲಿಲ್ಲ.

"ಮೂರೂ ಒಂದೇ ಕೆಲಸದವು, ಅಮ್ಮಾ. ಆಸ್ಪತ್ರೆಯ ರಕ್ತದ ವಿಭಾಗದವು. ಬೆಳಿಗ್ಗೆ ಏಳರಿಂದ ನಿಂತಿವೆ."

ಆಗ ಹನ್ನೊಂದು ಗಂಟೆಯಾಗಿತ್ತು. ಶಿಷ್ಯೆ ಆ ಮೂರನ್ನೂ ಎಬ್ಬಿಸಿದಳು. ಆಮೇಲೆ ಸಾಲುಗಳನ್ನು ಅಳಿಸಿ, ಅರವತ್ತು ಪ್ರೋಸೆಸ್‌ಗಳನ್ನೂ ಅವು ಯಾವ ಕೆಲಸಕ್ಕಾಗಿ ಓಡುತ್ತವೆಯೋ ಅದರ ಪ್ರಕಾರ ಜೋಡಿಸತೊಡಗಿದಳು. ಅರ್ಧಕ್ಕೆ ಬಂದಾಗ ತಲೆಯೆತ್ತದೆ ಕೇಳಿದಳು: "ಆ ಗಣಿ ಏನಾಯಿತು?"

"ನಡೆಯುತ್ತಿದೆ, ಆ ಒಡತಿ ನಾನೇ, ಗುತ್ತಿಗೆಯ ಗಣಿ ಈಗ ನನ್ನ ಸ್ವಂತದ್ದು, ಇವತ್ತಿನವರೆಗೆ ಒಂದು ಹಾರೆಯೂ ಕಳೆದಿಲ್ಲ, ಆ ಬುಟ್ಟಿಯವಳ ಅಕ್ಕ ನಾನು."