ಅಜ್ಜನ ಗಡ್ಡ ಹೋದ ದಾರಿ

ಗಾಳಿ ತಿರುಗಿದ್ದು ಮೊದಲು ಗೊತ್ತಾದದ್ದು ಪಂಪಣ್ಣನಿಗೆ.

ಬೆಳಿಗ್ಗೆ ಮಠಕ್ಕೆ ನೀರು ತರಲು ಹೊಳೆಗೆ ಹೋದವನು ಕೊಡವನ್ನು ಅಲ್ಲೇ ಬಿಟ್ಟು ಮಠದ ಕಡೆ ಓಡಿಬಂದ.

"ಅಜ್ಜಾರ, ಮೂಡಗಾಳಿ ಬಿಟ್ಟೈತ್ರಿ. ಊರು ಕಾಣಾಕತ್ತೈತಿ."

ಮಠದ ಗುರು ಅಡಿವೆಯ್ಯಜ್ಜ ಜಗಲಿಯ ಮೇಲೆ ಕೂತು ಹರಿದ ಕೌದಿಗೆ ತೇಪೆ ಹಾಕುತ್ತಿದ್ದರು.

"ಊರು ಎಲ್ಲಿಗೆ ಹೋಗಿತ್ತು?" ಎಂದರು.

ಎಲ್ಲಿಗೂ ಹೋಗಿರಲಿಲ್ಲ, ಹೊಗೆಯೊಳಗಿತ್ತು. ಹೊಳೆದಂಡೆಯ ಆ ಬಯಲಿನಲ್ಲಿ ಸುಗ್ಗಿ ಮುಗಿದು ಚಳಿ ಬಿತ್ತೆಂದರೆ ಪ್ರತಿ ವರ್ಷ ಇದೇ ಪಾಡು. ಅಕ್ಕಿ ಗಿರಣಿಗಳ ಹೊಗೆ, ಇಟ್ಟಿಗೆ ಭಟ್ಟಿಗಳ ಹೊಗೆ, ಬೀದಿ ಬೀದಿಯ ಕಸದ ಹೊಗೆ, ಎಲ್ಲವೂ ಮಂಜಿನೊಳಗೆ ಸೇರಿ ಪಟ್ಟಣದ ಮೇಲೆ ಕೂತರೆ ಏಳುವ ಮಾತೇ ಇಲ್ಲ. ಎಲೆ ಅಲುಗಿಸುವಷ್ಟೂ ಗಾಳಿ ಇರುವುದಿಲ್ಲ. ಮನೆ ಮನೆಯಲ್ಲೂ ಕೆಮ್ಮು.

ಪಂಪಣ್ಣನ ತಾಯಿ ಹುಲಿಗೆವ್ವನಿಗೆ ದಮ್ಮಿನ ಕಾಯಿಲೆ. ಚಳಿ ಶುರುವಾಗುತ್ತಲೇ ಅವಳನ್ನು ಪಡುವಣ ಗುಡ್ಡದ ಮೇಲಿನ ಕಲ್ಲಹಟ್ಟಿಗೆ, ತನ್ನ ಅಕ್ಕನ ಮನೆಗೆ ಸಾಗಿಸಿದ್ದ. ಗಾಳಿ ತಿರುಗಿದ ದಿನವೇ ಬಂದು ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದ. ಅವತ್ತಿನಿಂದ ದಿನಾ ಬೆಳಿಗ್ಗೆ ಮೂಡಣಕ್ಕೆ ಮುಖ ಮಾಡಿ ನಿಲ್ಲುವುದೇ ಅವನ ಪೂಜೆಯಾಗಿತ್ತು.

"ಇವತ್ತ ಅವ್ವನ್ನ ಕರಕೊಂಡು ಬರ್ತೀನ್ರಿ."

"ಕರಕೊಂಡು ಬಾ."

"ಹೋಗೂಕಿಂತ ಮೊದಲ ನಮ್ಮ ಮಠದ ಹೊಲದ ಹುಲ್ಲಿಗೆ ಬೆಂಕಿ ಹಚ್ಚಿ ಹೋಗ್ತೀನ್ರಿ."

ಅಜ್ಜನ ಕೈಯಲ್ಲಿದ್ದ ಸೂಜಿ ನಿಂತಿತು.

ಕೊಯ್ಲಾದ ಮೇಲೆ ಗದ್ದೆಯಲ್ಲಿ ಉಳಿದ ಹುಲ್ಲು ಸುಡಲು ಆ ಬಯಲಿನಲ್ಲಿ ಒಂದು ಪದ್ಧತಿ ಇತ್ತು. ಮೂಡಗಾಳಿ ಬಿಟ್ಟ ದಿನ ಮೊದಲ ಬೆಂಕಿ ಮಠದ ಹೊಲಕ್ಕೆ. ಅಲ್ಲಿ ಹೊಗೆ ಎದ್ದದ್ದು ಕಂಡಮೇಲೆಯೇ ಉಳಿದವರು ಕಡ್ಡಿ ಗೀರಬೇಕು. ಹಿಂದೆ ಈ ಕೆಲಸ ಮಾಡುತ್ತಿದ್ದ ಮುದುಕ ತೀರಿಕೊಂಡು, ಈ ವರ್ಷ ಆ ಹಕ್ಕು ಪಂಪಣ್ಣನಿಗೆ ಬಂದಿತ್ತು. ಕಡ್ಡಿಪೆಟ್ಟಿಗೆ ಆಗಲೇ ಅವನ ಸೊಂಟದಲ್ಲಿತ್ತು.

"ಗಾಳಿ ಇಲ್ಲದಾಗ ಸುಟ್ಟರ ಹೊಗಿ ನಮ್ಮ ತಲಿಮ್ಯಾಲೇ ಕೂಡ್ತೈತ್ರಿ. ಇವತ್ತ ಸುಟ್ಟರ ಗಾಳಿ ಎತಗೊಂಡು ಹೊಕ್ಕೈತಿ," ಎಂದ ಪಂಪಣ್ಣ.

"ಎಲ್ಲಿಗೆ?"

"ಎಲ್ಲಿಗಾರ ಹೊಕ್ಕೈತ್ರಿ. ಆ ಕಡೆ ಯಾರಿಲ್ಲ."

"ಯಾರಿಲ್ಲ?"

"ಯಾರೂ ಇಲ್ರಿ. ಬರೇ ಬಯಲು."

"ಹೋಗಿ ನೋಡಿ ಬಾ. ಆಮ್ಯಾಲೆ ಹಚ್ಚು."

ಪಂಪಣ್ಣನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಾಳೆ ಕಾಲುವೆಗೆ ನೀರು ಬಿಡುತ್ತಾರೆ, ಇವತ್ತು ಹೊಲ ಹಸನಾಗಬೇಕು. ಬದುವಿನ ಮೇಲೆ ರೈತರು ಆಗಲೇ ಮಠದ ಕಡೆ ಮುಖ ಮಾಡಿ ಕೂತಿದ್ದಾರೆ. ಈ ಅಜ್ಜನಿಗೆ ಇವತ್ತೇ ಆಟ ಹೊಳೆಯಬೇಕೇ?

"ಗಾಳಿ ಹಿಂದ ಹೆಂಗ ಹೋಗೂದ್ರಿ? ಅದು ಕಣ್ಣಿಗೆ ಕಾಣತೈತೇನು?"

ಅಜ್ಜ ಎದ್ದು ಬೇಲಿಯ ಹತ್ತಿರ ಹೋದರು. ಎಕ್ಕದ ಗಿಡದಿಂದ ಒಣಗಿದ ಕಾಯಿಗಳನ್ನು ಕಿತ್ತು ಪಂಪಣ್ಣನ ಹೆಗಲ ಚೀಲಕ್ಕೆ ಹಾಕಿದರು. ಒಂದನ್ನು ಒಡೆದು ಉಫ್ ಎಂದು ಊದಿದರು. ಬೆಳ್ಳನೆಯ ಎಳೆಗಳು ಬೀಜ ಹೊತ್ತು ಮೇಲೆದ್ದವು. ಮಕ್ಕಳು ಇದನ್ನು ಅಜ್ಜನ ಗಡ್ಡ ಎನ್ನುತ್ತಾರೆ.

"ಇದರ ಬೆನ್ನ ಹತ್ತು. ತಪ್ಪಿಸಿಕೊಂಡರ ಇನ್ನೊಂದು ಕಾಯಿ ಒಡಿ."

ಪಂಪಣ್ಣ ಧೋತರ ಎತ್ತಿ ಕಟ್ಟಿ ಓಡಿದ.

ಮೊದಮೊದಲು ಸಿಟ್ಟಿನಿಂದಲೇ ಓಡಿದ. ಆಮೇಲೆ ಸಿಟ್ಟು ಮರೆತುಹೋಯಿತು. ಅಜ್ಜನ ಗಡ್ಡ ಬದುವಿನ ಮೇಲೆ ಇಳಿದಂತೆ ಮಾಡಿ ಮತ್ತೆ ಹಾರುತ್ತಿತ್ತು. ಕೈ ಚಾಚಿದರೆ ಬೆರಳ ಸಂದಿಯಲ್ಲೇ ನುಸುಳುತ್ತಿತ್ತು. ಅಷ್ಟು ದಿನ ಹೊಗೆ ಕುಡಿದ ಎದೆಗೆ ಗಾಳಿ ತಣ್ಣಗೆ ಹೊಕ್ಕು, ಮೈಯೆಲ್ಲ ಹಗುರಾಯಿತು. ಮೀಸೆ ಬಂದ ಗಂಡಸು ಅಜ್ಜನ ಗಡ್ಡದ ಹಿಂದೆ ಹೀಗೆ ಓಡುವುದನ್ನು ಆ ಬಯಲು ನೋಡಿರಲಿಲ್ಲ.

"ಏ ಪಂಪಣ್ಣ, ಬೆಂಕಿ ಯಾವಾಗ?" ರೈತರು ಕೂಗಿದರು.

"ಬಂದೆ, ಬಂದೆ."

ಖಾಲಿ ಗದ್ದೆಯೊಂದರಲ್ಲಿ ಕುರುಬರು ಗೊಬ್ಬರಕ್ಕಾಗಿ ಕುರಿ ತರುಬಿದ್ದರು. ಡೇರೆಯ ಮುಂದೆ ಹೆಣ್ಣುಮಗಳೊಬ್ಬಳು ಎಳೆಗೂಸನ್ನು ಬಿಸಿಲಿಗೆ ಹಿಡಿದು ಕೂತಿದ್ದಳು. ಅವಳು ಏನೋ ಕೇಳಿದಳು, ಪಂಪಣ್ಣನಿಗೆ ಕೇಳಲಿಲ್ಲ. ಕಾಲುವೆ ದಂಡೆಯಲ್ಲಿ ಎಮ್ಮೆ ಕಾಯುತ್ತಿದ್ದ ಮುದುಕ ದಾರಿ ಬಿಟ್ಟು ಸರಿದ. ಪಂಪಣ್ಣನ ಕಣ್ಣು ಆಕಾಶದಲ್ಲಿತ್ತು. ಕಾಲುವೆ ಜಿಗಿದ. ಒಂದು ತಪ್ಪಿಸಿಕೊಂಡರೆ ಇನ್ನೊಂದು ಕಾಯಿ ಒಡೆದ. ನೆಲ ಏರತೊಡಗಿತು, ಕಲ್ಲು ಸಿಕ್ಕವು, ಬೇವಿನ ಮರವೊಂದು ಕಂಡಿತು. ಅದರಾಚೆ ಒಂದು ಮೋಟುಗೋಡೆ. ಅಜ್ಜನ ಗಡ್ಡ ಗೋಡೆ ದಾಟಿ ಒಳಗಿಳಿಯಿತು.

ಪಂಪಣ್ಣ ಗೋಡೆಯ ಮೇಲಿನಿಂದ ಇಣುಕಿದ.

ಅಂಗಳದಲ್ಲಿ ಹೊರಸಿನ ಮೇಲೆ ಹುಲಿಗೆವ್ವ ಕೂತಿದ್ದಳು. ನರೆತ ತಲೆಯ ಮೇಲೆ ಅಜ್ಜನ ಗಡ್ಡ ಸಿಕ್ಕಿಕೊಂಡಿತ್ತು.

"ಯಾಕೋ ಹುಡುಗಾ, ಹಂಗ ತೇಕಾಕತ್ತೀ?" ಎಂದಳು. "ದಮ್ಮು ನನಗಲ್ಲೇನು?"

"ನೀ ಹೊರಗ ಕುಂತೀ?"

"ನಸುಕಿನಾಗ ಗಾಳಿ ಬಿಡ್ತು. ಹೊರಸು ಹೊರಗ ಹಾಕಿಸಿಕೊಂಡೆ. ಇಂಥಾ ಗಾಳಿ ಬಂದಾಗ ಬಾಯಿ ಮುಚ್ಚಿಕೊಂಡು ಒಳಗ ಯಾರು ಮಲಗ್ತಾರ?"

ಅವಳು ಎದೆ ತುಂಬ ಉಸಿರೆಳೆದು ಮಗನಿಗೆ ತೋರಿಸಿದಳು. ಸಿಳ್ಳಿನ ಸದ್ದು ಇರಲಿಲ್ಲ.

ಪಂಪಣ್ಣನ ಕೈ ಸೊಂಟದ ಕಡ್ಡಿಪೆಟ್ಟಿಗೆಯ ಮೇಲೆ ಹೋಯಿತು. ಗೋಡೆ ಹತ್ತಿ ಇಳಿದು ಅವಳ ಹೊರಸಿನ ಪಕ್ಕ ಕೂತ. ಬೆಳಿಗ್ಗೆ ಕಡ್ಡಿ ಗೀರಿದ್ದರೆ ಮೊದಲು ಮಠದ ಹೊಲ, ಆಮೇಲೆ ಇಡೀ ಬಯಲು. ಎಲ್ಲ ಹೊಗೆಯೂ ಇದೇ ದಾರಿ ಹಿಡಿದು, ಬಾಯ್ತೆರೆದು ಕೂತ ಈ ಮುದುಕಿಯ ಮುಂದೆ ಬಂದು ಇಳಿಯುತ್ತಿತ್ತು. ಬೆಂಕಿ ಇಟ್ಟವನು ಹೆತ್ತ ಮಗನೇ ಆಗುತ್ತಿದ್ದ. ಅವನಿಗೆ ಅಳು ಬಂತು.

"ಏನಾತೋ?"

"ಏನಿಲ್ಲವ್ವಾ. ನಡಿ, ಊರಿಗೆ ಹೋಗೂಣು."

ಅಕ್ಕನ ಗಂಡ ಬಂಡಿ ಹೂಡಿದ. ಗುಡ್ಡ ಇಳಿಯುವಾಗ ಹೊಳೆ, ಗಿರಣಿ, ಪಟ್ಟಣದ ಮಾಳಿಗೆಗಳೆಲ್ಲ ತೊಳೆದಿಟ್ಟಂತೆ ಕಂಡವು. ತಿಂಗಳುಗಳ ಮೇಲೆ ತನ್ನೂರು ಕಂಡ ಹುಲಿಗೆವ್ವ ಒಂದೊಂದೇ ಗುರುತು ಹೇಳತೊಡಗಿದಳು. ಅವಳ ದನಿ ಕೇಳುತ್ತ ಪಂಪಣ್ಣನ ಜೀವ ಮತ್ತೆ ಅರಳಿತು. ಕಾಲುವೆ ದಾಟುವ ಹೊತ್ತಿಗೆ ಅವನಿಗೊಂದು ವಿಚಾರ ಹೊಳೆಯಿತು. ಬಂಡಿ ಮಠ ಮುಟ್ಟುವವರೆಗೂ ಕಾಯಲಾಗದೆ ಜಿಗಿದು ಮುಂದೆ ಓಡಿದ.

ರೈತರು ಮಠದ ಹೊಲದ ಬದುವಿಗೇ ಬಂದು ನಿಂತಿದ್ದರು. ಅಜ್ಜ ಹೊಲದ ನಡುವೆ ಹುಲ್ಲಿನ ಮೇಲೆ ಕೂತು ಅದೇ ಕೌದಿ ಹೊಲಿಯುತ್ತಿದ್ದರು. ಅವರು ಏಳುವವರೆಗೆ ಬೆಂಕಿಯ ಮಾತೆತ್ತುವ ಧೈರ್ಯ ಯಾರಿಗೂ ಇರಲಿಲ್ಲ.

"ನೋಡಿ ಬಂದಿ?" ಅಜ್ಜ ಕೇಳಿದರು.

"ಬಂದ್ನಿರಿ. ಗಾಳಿ ಸೀದಾ ಕಲ್ಲಹಟ್ಟಿಗೆ ಹೋತು. ನಮ್ಮವ್ವನ ಹೊರಸಿಗೆ."

"ಯಾರಿಲ್ಲ ಅಂದಿದ್ದಿ."

"ತಪ್ಪಾತ್ರಿ ಅಜ್ಜಾರ. ನೀವು ಕಳಿಸದಿದ್ರ ಇವತ್ತ ನನ್ನ ಕೈಯಿಂದಲೇ ಅವ್ವನ ಉಸಿರು ಕಟ್ಟತಿತ್ತು." ಪಂಪಣ್ಣ ಬಗ್ಗಿ ಅಜ್ಜನ ಪಾದ ಮುಟ್ಟಿದ. ಮೇಲೆದ್ದಾಗ ಮುಖ ಬೆಳಗುತ್ತಿತ್ತು.

"ಆದರ ಈಗ ಅಂಜಿಕಿ ಇಲ್ರಿ. ಅವ್ವನ್ನ ಕರಕೊಂಡು ಬಂದೀನಿ, ಅಲ್ನೋಡ್ರಿ ಬಂಡಿ. ಈಗರ ಆ ಕಡೆ ಯಾರಿಲ್ಲ. ಹಚ್ಚಲ್ರೀ?"

ಅಜ್ಜ ಬಂಡಿಯನ್ನು ನೋಡಿದರು. ಬದುವಿನ ಮೇಲಿನ ರೈತರನ್ನು ನೋಡಿದರು. ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ಪಂಪಣ್ಣನ ಹೆಗಲ ಚೀಲದೊಳಗೆ ಕೈ ಹಾಕಿ ಉಳಿದಿದ್ದ ಎಕ್ಕದ ಕಾಯಿಯೊಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟರು.

"ಮತ್ತ ಹೋಗಿ ಬಾ ತಮ್ಮಾ. ಈ ಸಲ ಓಡಬ್ಯಾಡ, ನಡಕೊಂತ ಹೋಗು."