ಕೆನ್ನೆಯ ಮೇಲಿನ ಅಂಗೈ

"ಗುರುಗಳೇ, ಮುಖದ ತುಂಬ ಹಚ್ಚೆ ಹೊಯ್ಸಿಕೊಂಡವನೊಬ್ಬ ಊಟದ ಹೊತ್ತಿಗೆ ಮಠಕ್ಕೆ ಬಂದಿದ್ದಾನೆ. ದೇವರು ಕೊಟ್ಟ ಮೈಯನ್ನು ಕೈಯಾರೆ ಕೆಡಿಸಿಕೊಂಡವನನ್ನು ಪಂಕ್ತಿಯಲ್ಲಿ ಕೂರಿಸಬಹುದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವರ್ತಕನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳ ಮೂಗು ಚಪ್ಪಟೆ. ನೋಡಲು ಬಂದ ಗಂಡಿನ ಕಡೆಯವರೆಲ್ಲ ಅದೊಂದೇ ಕಾರಣಕ್ಕೆ ಬೇಡವೆಂದು ಹೋದರು. ವರ್ತಕ ದೂರದ ಊರಿನಿಂದ ಶಸ್ತ್ರವೈದ್ಯನನ್ನು ಕರೆಸಿದ. ವೈದ್ಯ ಅವಳ ಹಣೆಯ ಚರ್ಮ ಸೀಳಿ, ಮೂಗಿಗೆ ಹೊಲಿದು, ಎತ್ತರಿಸಿದ. ಅವಳು ಚೀರುವಾಗ ಕೈಕಾಲು ಅದುಮಿ ಹಿಡಿದವನು ಅಪ್ಪನೇ. ಗಾಯ ಮಾಯಿತು. ಊರಿನವರು ಬಂದು ನೋಡಿ, "ಹುಟ್ಟಿನಿಂದಲೇ ಹೀಗಿತ್ತೇನೋ ಎನ್ನುವ ಹಾಗಿದೆ" ಎಂದು ಹೊಗಳಿದರು. ಅವಳಿಗೆ ಮದುವೆಯಾಯಿತು.

ಕಿರಿಯವಳಿಗೂ ಮದುವೆಯಾಗಿ ಗಂಡುಮಗು ಹುಟ್ಟಿತು. ನಡೆಯಲು ಕಲಿಯುವ ಮೊದಲೇ ಮಗು ಜ್ವರದಲ್ಲಿ ತೀರಿಕೊಂಡಿತು. ಹಾಲು ಕುಡಿಯುವಾಗ ಅದು ತಾಯಿಯ ಎಡಗೆನ್ನೆಯ ಮೇಲೆ ಕೈಯಿಡುತ್ತಿತ್ತು. ಅವಳು ಹಚ್ಚೆಯವಳನ್ನು ಕರೆಸಿ, ಆ ಕೆನ್ನೆಯ ಮೇಲೆ ಐದು ಬೆರಳಿನ ಪುಟ್ಟ ಅಂಗೈಯನ್ನು ಹೊಯ್ಸಿಕೊಂಡಳು. ಊರು ಛೀ ಎಂದಿತು. ದೇವರು ಕೊಟ್ಟ ಮುಖಕ್ಕೆ ತಾನೇ ಮಸಿ ಬಳಿದುಕೊಂಡಳು ಎಂದು ಆಡಿಕೊಂಡಿತು. ವರ್ತಕ ತಲೆತಗ್ಗಿಸಿ ತಿರುಗಾಡಿದ.

ಕೆಲವು ಕಾಲದ ಮೇಲೆ ವರ್ತಕ ಹೊಸ ಮನೆ ಕಟ್ಟಿಸಿ ಊರಿಗೆಲ್ಲ ಊಟ ಹಾಕಿಸಿದ. ಕಿರಿಯವಳು ಬಂದಾಗ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಮೆಲ್ಲಗೆ ಹೇಳಿದ: "ಇವತ್ತೊಂದು ದಿನ ಸೆರಗಿನಿಂದ ಕೆನ್ನೆ ಮುಚ್ಚಿಕೋ ತಾಯಿ. ನಾಲ್ಕು ಜನ ನೋಡುತ್ತಾರೆ."

ಅವಳು ಹೇಳಿದಳು: "ಈ ಕೈಯನ್ನು ಮಣ್ಣಿನಲ್ಲಿ ಒಮ್ಮೆ ಮುಚ್ಚಿದ್ದಾಯಿತು ಅಪ್ಪಾ. ಸೆರಗಿನಲ್ಲಿ ಇನ್ನೊಮ್ಮೆ ಮುಚ್ಚಲಾರೆ. ಹೋಗು ಎಂದರೆ ಹೋಗುತ್ತೇನೆ."

ಊರು ಮೆಚ್ಚಲೆಂದು ಒಬ್ಬಳನ್ನು ಅದುಮಿ ಹಿಡಿದಿದ್ದೆ, ಊರು ಮೆಚ್ಚಲೆಂದೇ ಇನ್ನೊಬ್ಬಳನ್ನು ಹೊರಗೆ ನಿಲ್ಲಿಸಿದ್ದೇನೆ ಎಂದು ವರ್ತಕನಿಗೆ ಅನ್ನಿಸಿತು. ಅವನು ಮಗಳ ಕೈಹಿಡಿದು ಒಳಗೆ ಕರೆತಂದು, ಪಂಕ್ತಿಯ ನಡುವೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಬಡಿಸುತ್ತಿದ್ದ ಹಿರಿಯವಳು ಮೊದಲು ತಂಗಿಯ ಎಲೆಗೆ ತುಪ್ಪ ಹಾಕಿದಳು. ಹಲವರು ಎಲೆ ಬಿಟ್ಟು ಎದ್ದರು. ವರ್ತಕ ಅವರಿಗೆ ಕೈಮುಗಿದ, ಕೂರಿ ಎನ್ನಲಿಲ್ಲ.

ಶಿಷ್ಯ, "ಹಾಗಾದರೆ ಗುರುಗಳೇ, ದೇವರು ಕೊಟ್ಟ ಮೈಯನ್ನು ಕೆಡಿಸಿದವಳು ಆ ಇಬ್ಬರಲ್ಲಿ ಯಾರು?" ಎಂದ.

ಗುರುಗಳು ಹೇಳಿದರು: "ಅದನ್ನು ಮೈ ಕೊಟ್ಟವನು ಕೇಳಿಕೊಳ್ಳಲಿ, ಬಂದವನು ಹಸಿದಿದ್ದಾನೆ, ನೀನು ಎಲೆ ಹಾಕು."