ಹೋಲಿಕೆಗೆ ಇಟ್ಟ ರಕ್ತ

ಹೊಳೆಯ ದಂಡೆಯಲ್ಲಿ ಒಂದು ಧರ್ಮಾಸ್ಪತ್ರೆ. ಅಲ್ಲಿ ರಕ್ತ ಪರೀಕ್ಷಿಸುವ ವೈದ್ಯೆ ಚಂದ್ರಮತಿ. ಅವರ ಕೈಕೆಳಗೆ ಕಲಿಯುತ್ತಿದ್ದವನು ಎಳೆಯ ವೈದ್ಯ ಬಸಲಿಂಗ.

ಒಂದು ಬೆಳಿಗ್ಗೆ ನೇಕಾರರ ಮನೆಯ ಹೆಂಗಸೊಬ್ಬಳು ತನ್ನ ಸೊಸೆ ನೀಲವ್ವನನ್ನು ಕರೆತಂದಳು. ಮಗ್ಗದ ಮುಂದೆ ಕೂತರೆ ನೀಲವ್ವನಿಗೆ ಸುಸ್ತು. ಕಣ್ಣು ಹಳದಿ. ಕಾಮಾಲೆಯೆಂದು ಯಾರೋ ಅವಳ ಮುಂಗೈಗೆ ಮೂರು ಸಲ ಬರೆ ಹಾಕಿದ್ದರು.

"ಕೆಲಸಗಳ್ಳಿ ರೀ ಇಕಿ," ಎಂದಳು ಅತ್ತೆ. "ಖರೇನ ಬ್ಯಾನಿ ಐತೋ ಇಲ್ಲೋ, ನೀವ ಹೇಳ್ರಿ."

ಬಸಲಿಂಗ ಫ್ಲೋ ಸೈಟೋಮೀಟರ್ ಯಂತ್ರ ಹಚ್ಚಿದ. ರಕ್ತದ ಕಣಗಳಿಗೆ ಬಣ್ಣ ಬೆರೆಸಿ ಒಳಬಿಟ್ಟರೆ ಅವು ಸಾಲಾಗಿ, ಒಂದೊಂದಾಗಿ, ಬೆಳಕಿನ ಮುಂದೆ ಹಾಯುತ್ತವೆ. ಕಣದ ಪೊರೆ ಸರಿಯಿದ್ದರೆ ಬಣ್ಣ ಹಿಡಿದು ಹೊಳೆಯುತ್ತದೆ. ಪೊರೆಯಲ್ಲಿ ಹುಟ್ಟಿನಿಂದಲೇ ಕೊರತೆಯಿದ್ದರೆ ಮಂಕಾಗುತ್ತದೆ. ಎಷ್ಟು ಮಂಕು ಎಂದು ತಿಳಿಯಲು ಆರು ಮಂದಿ ಆರೋಗ್ಯವಂತರ ರಕ್ತವನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು.

ಅವತ್ತು ಬಸಲಿಂಗನಿಗೆ ಅವಸರ. ಒಬ್ಬರದೇ ಇಟ್ಟ.

ನೀಲವ್ವನ ಕಣಗಳು ಅದರಷ್ಟೇ ಹೊಳೆದವು.

"ಏನೂ ಇಲ್ಲ," ಎಂದು ಬರೆದುಕೊಟ್ಟ.

ಅತ್ತೆ ಸೊಸೆಯನ್ನು ದುರುಗುಟ್ಟಿ ನೋಡಿದಳು. ಸೊಸೆ ತಲೆ ತಗ್ಗಿಸಿದಳು. ಇಬ್ಬರೂ ಹೊರಟುಹೋದರು.

ಸ್ವಲ್ಪ ಹೊತ್ತಿಗೆ ಚಂದ್ರಮತಿ ಬಂದರು. ನೀಲವ್ವನ ರಕ್ತ ಸವರಿದ ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಸರಿಯಾದ ಕಣಗಳು ಚಪ್ಪಟೆ ತಟ್ಟೆಯ ಹಾಗಿರುತ್ತವೆ; ಇವು ಹಾಗಿರಲಿಲ್ಲ. ಬಹಳಷ್ಟು ಸಣ್ಣಗೆ, ಗುಂಡಗೆ, ಸಾಸಿವೆಯ ಹಾಗೆ.

"ಇದನ್ನ ನೋಡಿದೇನು?"

"ನೋಡಿದೆ ಮೇಡಂ. ಆದ್ರ ಯಂತ್ರ ಸರಿ ಐತಿ ಅಂತು."

"ಯಾರ ಜೋಡಿ ಹೋಲಿಸಿದಿ?"

"ಆರೋಗ್ಯವಂತನ ಜೋಡಿ."

"ಯಾರವ?"

"ನಾನ ರೀ."

ಚಂದ್ರಮತಿ ರವಿಕೆಯ ತೋಳು ಮೇಲೇರಿಸಿ ರಕ್ತ ಕೊಡಲು ಕೈ ಚಾಚಿದರು. ಅಡುಗೆಯವಳನ್ನು, ಕಾವಲುಗಾರನನ್ನು, ಮೂವರು ನರ್ಸುಗಳನ್ನು ಕರೆಸಿದರು.

ಬೆಳಗಿನ ಎರಡರ ಜೊತೆ ಹೊಸ ಆರು, ಒಟ್ಟು ಎಂಟು ಕೊಳವೆಗಳು ಯಂತ್ರಕ್ಕೆ ಹೋದವು.

ಆರು ಹೊಳೆದವು. ಎರಡು ಮಂಕಾದವು. ಒಂದು ನೀಲವ್ವನದು.

ಬಸಲಿಂಗ ಇನ್ನೊಂದರ ಚೀಟಿ ಓದಿದ. ಮತ್ತೊಮ್ಮೆ ಓದಿದ.

"ಚೀಟಿ ಅದಲುಬದಲಾಗ್ಯಾವ," ಎಂದ.

ತನ್ನ ರಕ್ತವನ್ನು ತಾನೇ ಹೊಸದಾಗಿ ತೆಗೆದ. ಚೀಟಿ ತಾನೇ ಅಂಟಿಸಿದ. ಯಂತ್ರ ಮತ್ತೆ ಓಡಿತು.

ಮತ್ತೆ ಮಂಕು.

ಅವನು ಕುರ್ಚಿಯ ಬೆನ್ನು ಹಿಡಿದು ನಿಂತ.

"ನಿನಗ ಎಂದಾದರೂ ಆಪರೇಷನ್ ಆಗಿತ್ತೇನು?" ಚಂದ್ರಮತಿ ಕೇಳಿದರು.

"ಹತ್ತೊಂಬತ್ತು ವರ್ಷಕ್ಕ. ಪಿತ್ತಕೋಶದಾಗ ಕಲ್ಲು."

"ಕಣ ಒಡೆದ್ರ ಕಣ್ಣು ಹಳದಿ ಆಗ್ತಾವ, ಪಿತ್ತಕೋಶದಾಗ ಕಲ್ಲೂ ಕಟ್ತಾವ. ಅಷ್ಟು ಸಣ್ಣ ವಯಸ್ಸಿನಾಗ ಯಾಕ ಬಂತಂತ ಯಾರನ್ನರ ಕೇಳಿದೇನು?"

ಕೇಳಿರಲಿಲ್ಲ.

"ನಮ್ಮವ್ವನ ಕಣ್ಣೂ ಹಳದಿ ಇತ್ರಿ," ಎಂದ. "ನಮ್ಮ ಮನಿತನದ ಬಣ್ಣನ ಹಂಗ ಅಂತಿದ್ವಿ. ಇಷ್ಟು ವರ್ಷ ಓದೀನಿ. ದಿನಾ ಕನ್ನಡಿ ನೋಡೀನಿ."

"ನೀಲವ್ವ ಎಲ್ಲಿ?"

ಅವನು ಓಡಿದ.

ಅವರ ಊರಿಗೆ ಹೋಗುವ ಮಧ್ಯಾಹ್ನದ ಬಸ್ಸು ಇನ್ನೂ ಬಂದಿರಲಿಲ್ಲ. ಬೇವಿನ ಗಿಡದ ಕೆಳಗೆ ಅತ್ತೆಯ ಬೈಗುಳ ನಡೆದಿತ್ತು. "ನಾಳಿಂದ ಹತ್ತು ತಾಸು ಮಗ್ಗ ಬಿಟ್ಟು ಏಳಬ್ಯಾಡ, ತಿಳೀತಿಲ್ಲೋ?"

"ಯವ್ವಾ, ನಾ ಹೇಳಿದ್ದು ತಪ್ಪು," ಎಂದ ಬಸಲಿಂಗ, ಏದುಸಿರು ಬಿಡುತ್ತ. "ಇಕಿಗೆ ಬ್ಯಾನಿ ಐತಿ. ಹುಟ್ಟಿನಿಂದ ಐತಿ. ರಕ್ತದ ಕಣ ಬಾಳೋದಿಲ್ಲ, ಲಗೂನ ಒಡೀತಾವ. ಸುಳ್ಳು ಹೇಳಿಲ್ಲ ಇಕಿ."

"ಮುಂಜಾನಿ ಏನೂ ಇಲ್ಲ ಅಂದ್ರೆಲ್ಲ?"

"ನನ್ನ ರಕ್ತದ ಜೋಡಿ ಹೋಲಿಸಿ ಹೇಳಿದ್ದೆ. ನನಗೂ ಅದ ಬ್ಯಾನಿ ಐತಿ."

ನೀಲವ್ವ ಮೊದಲ ಸಲ ತಲೆಯೆತ್ತಿ ಅವನ ಕಣ್ಣುಗಳನ್ನು ನೋಡಿದಳು.

"ನಿಮಗೂ ಬರಿ ಹಾಕಿದ್ರೇನ್ರಿ?" ಎಂದು ಕೇಳಿದಳು.

ಅವನು ಅವಳ ಮುಂಗೈಯ ಮೂರು ಬರೆಗಳನ್ನು ನೋಡಿದ.

ಮೂವರೂ ಆಸ್ಪತ್ರೆಗೆ ಮರಳಿದರು. ದಾರಿಯಲ್ಲಿ ಅತ್ತೆ ಸೊಸೆಯ ಚೀಲವನ್ನು ಇಸಿದುಕೊಂಡು ತಾನೇ ಹಿಡಿದಳು. ಚಂದ್ರಮತಿ ನೀಲವ್ವನಿಗೆ ಗುಳಿಗೆ ಬರೆದರು. ಮತ್ತೆ ಯಾವಾಗ ಬರಬೇಕೆಂದು ಹೇಳಿದರು. ಇನ್ನು ಬರೆ ಹಾಕಿಸಬೇಡವೆಂದು ಅತ್ತೆಗೆ ಎರಡೆರಡು ಸಲ ಹೇಳಿದರು.

ಅತ್ತೆ, ಸೊಸೆ ಹೋದ ಮೇಲೂ ಬಸಲಿಂಗ ನಿಂತೇ ಇದ್ದ.

"ಮೇಡಂ, ನನ್ನೊಳಗಿನದ ನನಗ ಗೊತ್ತಿರಲಿಲ್ಲ. ಇನ್ನ ಮತ್ತೊಬ್ಬರನ್ನ ನೋಡಿ ನಾ ಏನಂತ ಹೇಳಲಿ?"

ಹೊರಗೆ ಪಡಸಾಲೆಯಲ್ಲಿ ರೋಗಿಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು.

"ಕೋಟು ಬಿಚ್ಚಿಡು," ಎಂದರು ಚಂದ್ರಮತಿ. "ಹೋಗಿ ಆ ಸಾಲಿನ ಕೊನಿಗೆ ನಿಲ್ಲು. ನಿನ್ನ ಪಾಳಿ ಬಂದಾಗ ಇದನ್ನ ಕೇಳು."